ನಿಮ್ಮ ಮನೆತನದ ಚರಿತ್ರೆ ಬರೆಯುವವರು ಯಾರು?

ವಿಜಯನಗರವನ್ನು ಆಳಿದ ನಾಲ್ಕು ವಂಶಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವ ವಿದ್ಯಾರ್ಥಿಗಳು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಅವರನ್ನೇ ನಿಲ್ಲಿಸಿ, 'ನಿನ್ನ ತಂದೆಯ ಅಜ್ಜಿಯ ಹೆಸರೇನಪ್ಪಾ?' ಎಂದು ಕೇಳಿ ನೋಡಿ. ಹತ್ತರಲ್ಲಿ ಎಂಟು ಜನ ಕಿಟಕಿಯ ಕಡೆ ನೋಡುತ್ತಾರೆ. ಪ್ರತಿಯೊಬ್ಬರಿಗೂ ಇಬ್ಬರು ತಂದೆ-ತಾಯಿ, ನಾಲ್ವರು ಅಜ್ಜ-ಅಜ್ಜಿಯರು, ಎಂಟು ಜನ ಮುತ್ತಜ್ಜ-ಮುತ್ತಜ್ಜಿಯರು. ಲೆಕ್ಕ ಸರಳ. ಆದರೆ ಆ ಎಂಟು ಹೆಸರುಗಳನ್ನು ಪೂರ್ತಿ ಬರೆಯಬಲ್ಲವರು ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಪಾಲಕರಲ್ಲಿಯೂ ಅಪರೂಪ.

ಈ ಅಂಕಣದಲ್ಲಿ ಸಾಮಾನ್ಯವಾಗಿ ವಿಜ್ಞಾನದ ಪ್ರಯೋಗಗಳ ಬಗ್ಗೆ ಬರೆಯುತ್ತೇನೆ. ಇಂದು ಹೇಳಹೊರಟಿರುವುದೂ ಒಂದು ಪ್ರಯೋಗವೇ. ಪ್ರಯೋಗಶಾಲೆ ಮಾತ್ರ ನಿಮ್ಮ ಮನೆ. ಬೇಕಾಗುವ ಸಾಮಗ್ರಿ ಒಂದು ನೂರು ಪುಟದ ನೋಟುಬುಕ್ಕು, ಒಂದು ಪೆನ್ನು ಮತ್ತು ಮನೆಯ ಹಿರಿಯರ ಪಕ್ಕದಲ್ಲಿ ಕೂಡ್ರುವಷ್ಟು ವ್ಯವಧಾನ.

ಎತ್ತಿನ ಮೇಲೆ ಬರುತ್ತಿದ್ದ ಚರಿತ್ರೆಕಾರ

ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮನೆತನದ ಚರಿತ್ರೆಯನ್ನು ಕಾಯುವುದಕ್ಕಾಗಿಯೇ ಒಂದು ಸಮುದಾಯವಿದೆ. ಅವರೇ ಹೆಳವರು. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತಿನ ಮೇಲೆ ಕುಳಿತು, ಕೈಯಲ್ಲಿ ಗಂಟೆ ಹಿಡಿದು ಅವರು ಊರೊಳಗೆ ಬರುತ್ತಿದ್ದ ಚಿತ್ರ ಇಂದಿನ ಅಜ್ಜಂದಿರ ಕಣ್ಣಲ್ಲಿ ಇನ್ನೂ ಇದೆ. ಯಾವ ಊರುಗಳಿಗೆ ಯಾವ ಹೆಳವರು ಎಂಬುದು ವಂಶಪಾರಂಪರ್ಯವಾಗಿ ಹಂಚಿಕೆಯಾಗಿರುತ್ತದೆ. ಮನೆಯ ಕಟ್ಟೆಯ ಮೇಲೆ ಕುಳಿತು ಪುಸ್ತಕ ಬಿಚ್ಚಿದರೆಂದರೆ ಆ ಮನೆತನ ಮೂಲದಲ್ಲಿ ಯಾವ ಊರಿನದು, ಬೆಡಗು ಯಾವುದು, ಮನೆದೇವರು ಯಾರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಎಂಬುದನ್ನು ರಾಗವಾಗಿ ಓದುತ್ತಾರೆ. ಹೋದ ಸಲ ಬಂದು ಹೋದ ಮೇಲೆ ಮನೆಯಲ್ಲಿ ಹುಟ್ಟಿದ ಮಕ್ಕಳ ಹೆಸರು ಸೇರಿಸಿಕೊಳ್ಳುತ್ತಾರೆ. ಕಾಳುಕಡಿ, ಬಟ್ಟೆ, ದುಡ್ಡು ಪಡೆದು ಮುಂದಿನ ಮನೆಗೆ ಹೋಗುತ್ತಾರೆ.

ವಿಜ್ಞಾನದ ಮಾಸ್ತರನಾಗಿ ನನಗೆ ಇದರಲ್ಲಿ ಕಾಣುವುದು ಒಂದು ಅಚ್ಚುಕಟ್ಟಾದ ಪದ್ಧತಿ. ನಿಯತವಾಗಿ ಬರುವುದು, ಮನೆಯವರ ಎದುರಿಗೇ ಓದುವುದು, ತಪ್ಪಿದ್ದರೆ ಅಲ್ಲಿಯೇ ತಿದ್ದಿಸಿಕೊಳ್ಳುವುದು, ಹೊಸದನ್ನು ಸೇರಿಸುವುದು. ಪ್ರಯೋಗದ ವಹಿಯನ್ನು ಇಡುವುದೂ ಹೀಗೆಯೇ ಅಲ್ಲವೇ?

ಆದರೆ ಈ ವಹಿಗೆ ಎರಡು ಮಿತಿಗಳಿವೆ. ಒಂದು, ಎಲ್ಲ ಮನೆಗಳಿಗೂ ಹೆಳವರು ಬರುವುದಿಲ್ಲ. ಬರುವ ಮನೆಗಳಿಗೂ ಇತ್ತೀಚೆಗೆ ಬರುವುದು ಕಡಿಮೆಯಾಗಿದೆ. ಅವರ ಮಕ್ಕಳು ಶಾಲೆ ಕಲಿತು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಅದು ಸಂತೋಷದ ಸಂಗತಿಯೇ. ಊರೂರು ಅಲೆಯುತ್ತ ಬೇರೆಯವರ ಮಕ್ಕಳ ಹೆಸರು ಬರೆದುಕೊಂಡವರ ಮಕ್ಕಳು ಎಷ್ಟು ವರ್ಷ ಶಾಲೆಯ ಹಾಜರಿಯಲ್ಲಿ ಹೆಸರಿಲ್ಲದೆ ಉಳಿಯಬೇಕು? ಎರಡನೆಯ ಮಿತಿ, ವಂಶಾವಳಿಯ ಎಳೆ ಸಾಮಾನ್ಯವಾಗಿ ಗಂಡು ಸಂತತಿಯನ್ನು ಹಿಡಿದು ಹೋಗುತ್ತದೆ. ಹೆಸರುಗಳ ಸಾಲು ಸಿಗುತ್ತದೆ. ಆ ಹೆಸರಿನವರು ಹೇಗೆ ಬದುಕಿದರು ಎಂಬುದು ಬಹುಮಟ್ಟಿಗೆ ಸಿಗುವುದಿಲ್ಲ. ಆದ್ದರಿಂದ ಇನ್ನು ಮುಂದೆ ಈ ಕೆಲಸ ಮನೆಯವರದೇ, ಅದರಲ್ಲಿಯೂ ಓದು-ಬರಹ ಬಲ್ಲ ಮಕ್ಕಳದು.

ಅಡ್ಡಹೆಸರೇ ಮೊದಲ ಸುಳಿವು

ಎಲ್ಲಿಂದ ಪ್ರಾರಂಭಿಸಬೇಕು? ನಿಮ್ಮ ಹೆಸರಿನಿಂದಲೇ. ನಮ್ಮ ಕಡೆ ಅಡ್ಡಹೆಸರುಗಳು ಸ್ವಾರಸ್ಯವಾಗಿವೆ. ಬಡಿಗೇರ, ಕಮ್ಮಾರ, ಪತ್ತಾರ ಎಂದರೆ ಕಸುಬು. ಕುಲಕರ್ಣಿ, ದೇಸಾಯಿ ಎಂದರೆ ಹಿಂದಿನ ಅಧಿಕಾರ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ ಎಂಬ ಹೆಸರಿನ ಹಿಂದೆ ವ್ಯಾಪಾರವೋ, ಬೆಳೆಯೋ, ಯಾವುದೋ ಒಂದು ಮರೆತುಹೋದ ಘಟನೆಯೋ ಇರುತ್ತದೆ.

ಊರಿನ ಹೆಸರೇ ಅಡ್ಡಹೆಸರಾದವರು ಇನ್ನೊಂದು ವಿಷಯ ಗಮನಿಸಬೇಕು. ಹಮ್ಮಿಗಿ ಊರಿನಲ್ಲಿಯೇ ಇರುವವನನ್ನು 'ಹಮ್ಮಿಗಿಯವ' ಎಂದು ಕರೆಯುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಅವನು ಅಲ್ಲಿಂದ ಹೊರಟು ಬೇರೆ ಊರು ಸೇರಿದಾಗಲೇ ಆ ಹೆಸರು ಅಂಟಿಕೊಳ್ಳುವುದು. ಆದ್ದರಿಂದ ಊರಿನ ಹೆಸರು ಹೊತ್ತ ಮನೆತನ ಬಹಳ ಮಾಡಿ ಒಂದು ಕಾಲದಲ್ಲಿ ಊರು ಬಿಟ್ಟ ಮನೆತನ. ಯಾಕೆ ಬಿಟ್ಟರು? ಬರಕ್ಕೋ, ಸಾಲಕ್ಕೋ, ಜಗಳಕ್ಕೋ, ನೀರಿಗೋ, ಮದುವೆಗೋ? ಇದು ನಿಮ್ಮ ನೋಟುಬುಕ್ಕಿನ ಮೊದಲ ಪ್ರಶ್ನೆ.

ಎರಡನೆಯ ಸುಳಿವು ಮನೆದೇವರು. ಹೊಳೆಯಾಚೆಯ ಮೈಲಾರಲಿಂಗನೋ, ಸವದತ್ತಿಯ ಎಲ್ಲಮ್ಮನೋ, ಮುನಿರಾಬಾದಿನ ಬಳಿಯ ಹುಲಿಗೆಮ್ಮನೋ, ಸಿಂಗಟಾಲೂರಿನ ವೀರಭದ್ರನೋ? ಲಕ್ಷ್ಮೇಶ್ವರದ ದೂದಪೀರಾಂ ದರ್ಗಾದ ಉರುಸಿಗೆ ತಲೆತಲಾಂತರದಿಂದ ನಡೆದುಕೊಳ್ಳುವ ಮನೆಗಳೂ ಇವೆ. ದೂರದ ಮನೆದೇವರು ಹಳೆಯ ವಲಸೆಯ ಗುರುತಾಗಿರಬಹುದು. 'ಆಗಿರಬಹುದು' ಎಂದೇ ಬರೆದುಕೊಳ್ಳಿ. ದೊಡ್ಡ ಕ್ಷೇತ್ರಗಳಿಗೆ ನಾಲ್ಕು ದಿಕ್ಕಿನಿಂದಲೂ ಭಕ್ತರಿರುತ್ತಾರೆ. ಸುಳಿವು ಬೇರೆ, ಪುರಾವೆ ಬೇರೆ.

ಮೂರನೆಯದು ಹಬ್ಬ. ಸೀಗಿ ಹುಣ್ಣಿಮೆಗೆ, ಎಳ್ಳ ಅಮವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಮುಂದಿನ ಸಲ ಹೋದಾಗ ಆ ಹೊಲದ ಹೆಸರು ಕೇಳಿ. ಅದನ್ನು ಯಾರು ಕೊಂಡರು, ಯಾರು ಕಳೆದರು, ಬಾವಿ ತೋಡಿದವರು ಯಾರು ಎಂದು ಕೇಳಿ. ಹೊಲ ಕೈತಪ್ಪಿದ ಮೇಲೂ ಹಬ್ಬ ಬಿಡದ ಮನೆಗಳಿವೆ. ಅಂಥ ಮನೆಯ ಬುತ್ತಿಯಲ್ಲಿ ಎಣ್ಣೆಹೋಳಿಗೆಯ ಜೊತೆಗೆ ಒಂದು ಕಥೆಯೂ ಇರುತ್ತದೆ.

ನಾಲ್ಕನೆಯದು ನಾಮಕರಣ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮ ರೂಢಿ. ಮಾವನ ಹೆಸರು ಹಿಡಿದು ಕರೆಯಬಾರದೆಂದು ಸೊಸೆ ಆ ಮಗುವಿಗೆ ಇನ್ನೊಂದು ಕರೆಯುವ ಹೆಸರು ಇಡುತ್ತಾಳೆ. ಹೀಗಾಗಿ ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಮೂರು ಜನ, ಒಬ್ಬನಿಗೇ ಎರಡು ಹೆಸರು! ವಂಶವೃಕ್ಷ ಬರೆಯುವಾಗ ಗೊಂದಲವಾಗುವುದು ಇಲ್ಲಿಯೇ. ಪ್ರತಿ ಹೆಸರಿನ ಮುಂದೆ 'ಇಂಥವರ ಮಗ, ಇಂಥವರ ತಂದೆ' ಎಂದು ಗುರುತು ಹಾಕಿ.

ಇಸ್ವಿ ಗೊತ್ತಿಲ್ಲದವರ ಕಾಲವನ್ನು ಹಿಡಿಯುವುದು ಹೇಗೆ?

ನಮ್ಮ ಕಡೆ ಅಜ್ಜಿಗೆ 'ಅಮ್ಮ' ಎಂದೇ ಕರೆಯುವುದು ಹೆಚ್ಚು. 'ಅಮ್ಮಾ, ನಿನ್ನ ಮದುವಿ ಯಾವ ಇಸ್ವಿದಾಗ ಆತು?' ಎಂದು ಮೊಮ್ಮಗಳು ಕೇಳಿದರೆ, 'ಇಸ್ವಿ ಗಿಸ್ವಿ ನನಗೇನ್ ಗೊತ್ತವಾ? ಆಣೆ ಹೋಗಿ ಹೊಸ ಪೈಸಾ ಬಂದಿದ್ವು. ನಿಮ್ಮ ದೊಡ್ಡಪ್ಪ ಹುಟ್ಟಿ ಹೆಜ್ಜಿ ಇಡಾಕ್ ಹತ್ತಿದಾಗ ನೆಹರೂ ಸತ್ರು' ಎಂಬ ಉತ್ತರ ಬರಬಹುದು. ಹುಡುಗಿ ಬೇಸರದಿಂದ ಎದ್ದು ಹೋಗಬಾರದು. ಅಜ್ಜಿ ಬೇಕಾದ್ದನ್ನೆಲ್ಲ ಹೇಳಿಬಿಟ್ಟಿದ್ದಾಳೆ!

ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ರೂಪಾಯಿಗೆ ಹದಿನಾರು ಆಣೆ. ನೆಹರೂ ತೀರಿಕೊಂಡದ್ದು 1964ರ ಮೇ 27ರಂದು. ಮಗು ಹೆಜ್ಜೆ ಇಡುವುದು ಸುಮಾರು ಒಂದು ವರ್ಷಕ್ಕೆ. ಅಂದರೆ ದೊಡ್ಡಪ್ಪ ಹುಟ್ಟಿದ್ದು 1963ರ ಸುಮಾರಿಗೆ. ಮದುವೆ 1957 ಮತ್ತು 1962ರ ನಡುವೆ. ಎರಡು ಗೂಟ ಹೊಡೆದು ಹಗ್ಗ ಕಟ್ಟಿದ ಹಾಗೆ. ಇನ್ನೊಂದು ಗೂಟ ಸಿಕ್ಕರೆ ಹಗ್ಗ ಇನ್ನೂ ಗಿಡ್ಡವಾಗುತ್ತದೆ. ಅಳತೆಯಲ್ಲಿ ಎಷ್ಟು ಹೆಚ್ಚು-ಕಡಿಮೆ ಇರಬಹುದೆಂದು ಹೇಳುವುದನ್ನು ವಿಜ್ಞಾನದಲ್ಲಿ ಕಲಿಸುತ್ತೇವೆ. ಇಲ್ಲಿಯೂ ಅದೇ.

ಹಿರಿಯರು ಸಂವತ್ಸರದ ಹೆಸರು ಹೇಳಿದರೆ ಇನ್ನೂ ಒಳ್ಳೆಯದು. ಅರವತ್ತು ಸಂವತ್ಸರಗಳ ಚಕ್ರದಲ್ಲಿ ಮೊದಲನೆಯದಾದ ಪ್ರಭವ ಬಂದದ್ದು 1867, 1927 ಮತ್ತು 1987ರ ಯುಗಾದಿಗೆ. ಹತ್ತನೆಯದು ಧಾತು. ಹಾಗಾದರೆ ಧಾತು ಬಂದದ್ದು 1876, 1936, 1996ರಲ್ಲಿ. 'ಧಾತು ಸಂವತ್ಸರದ ಬರ' ಎಂದು ಮುತ್ತಜ್ಜನ ಕಾಲದಿಂದ ಮಾತು ಬಂದಿದ್ದರೆ ಅದು 1876ರಿಂದ 1878ರವರೆಗೆ ಮುಂಬಯಿ, ಮದರಾಸು ಪ್ರಾಂತಗಳನ್ನೂ ಮೈಸೂರನ್ನೂ ಹಿಂಡಿದ ಮಹಾಕ್ಷಾಮವೇ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಇಪ್ಪತ್ತೊಂದನೆಯದಾದ ಸರ್ವಜಿತ್. ಲೆಕ್ಕ ಮಾಡಿ ನೋಡಿ.

ಎಲ್ಲಕ್ಕಿಂತ ಗಟ್ಟಿಯಾದ ಗೂಟವನ್ನು ಆಕಾಶ ಹೊಡೆದಿದೆ. 1980ರ ಫೆಬ್ರವರಿ 16, ಶನಿವಾರ ಮಧ್ಯಾಹ್ನದ ಮೇಲೆ ನಮ್ಮ ಈ ಭಾಗದಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಹಗಲಿನಲ್ಲಿಯೇ ಕತ್ತಲಾದ ಆ ದಿನವನ್ನು ನೋಡಿದವರು ಯಾರೂ ಮರೆತಿಲ್ಲ. 'ಆ ಗ್ರಹಣದಾಗ ನಿಮ್ಮತ್ತಿ ತೊಟ್ಟಿಲದಾಗ ಇದ್ದಳು' ಎಂಬ ಒಂದು ಮಾತು ಸಿಕ್ಕರೆ ಸಾಕು, ಅತ್ತೆ ಹುಟ್ಟಿದ ವರ್ಷ ಹೆಚ್ಚು ಕಡಿಮೆ ಸಿಕ್ಕಂತೆಯೇ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಮಾತ್ರ ಪೂರ್ತಿ ನಂಬಬೇಡಿ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಹೆಡ್ ಮಾಸ್ತರರು ಶಾಲೆಗೆ ಸೇರಿಸುವಾಗ ಕೊಟ್ಟ ಜನ್ಮದಿನ ಅದು. ಒಂದೊಂದು ಮನೆಯಲ್ಲಿ ಅಣ್ಣತಮ್ಮಂದಿರೆಲ್ಲ ಜೂನ್ ಒಂದರಂದೇ ಹುಟ್ಟಿರುವುದುಂಟು!

ಒಂದು ಹೊಳೆ, ಮೂರು ಸರಕಾರ

ನಮ್ಮ ಕೊರ್ಲಹಳ್ಳಿ ತುಂಗಭದ್ರೆಯ ದಂಡೆಯ ಊರು. ಆಚೆ ದಂಡೆಯಲ್ಲಿ ಮದಲಗಟ್ಟಿ, ಹೂವಿನಹಡಗಲಿ ತಾಲೂಕು. ಸೇತುವೆಯ ಮೇಲೆ ನಡೆದುಹೋಗುವ ಇಂದಿನ ಹುಡುಗರಿಗೆ ಅದು ಐದು ನಿಮಿಷದ ದಾರಿ. ಅವರ ಮುತ್ತಜ್ಜಿ ಮದುವೆಯಾಗಿ ಹರಿಗೋಲಿನಲ್ಲಿ ಈ ದಂಡೆಗೆ ಬಂದಾಗ ಮಾತ್ರ ಆಕೆ ಒಂದು ಆಡಳಿತವನ್ನೇ ದಾಟಿ ಬಂದಿದ್ದಳು. ಮುಂಡರಗಿಯ ಕಡೆ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ಹಡಗಲಿಯ ಕಡೆ ಬಳ್ಳಾರಿ ಜಿಲ್ಲೆ, ಮದರಾಸು ಪ್ರಾಂತ. ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಕೊಪ್ಪಳ, ನಿಜಾಮರ ಹೈದರಾಬಾದ್ ಸಂಸ್ಥಾನ. ಮಾತು ಒಂದೇ ಕನ್ನಡ, ಊಟ ಒಂದೇ ರೊಟ್ಟಿ. ಕಂದಾಯ, ಕಚೇರಿ, ಶಾಲೆ ಮಾತ್ರ ಬೇರೆ ಬೇರೆ.

1947-48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ನಿಜಾಮರ ಸೀಮೆಯಿಂದ ಅನೇಕ ಕುಟುಂಬಗಳು ಈ ಕಡೆ ಬಂದವು. ವಿಮೋಚನೆಗಾಗಿ ಹೋರಾಡಿದವರ ಶಿಬಿರವೊಂದು ಮುಂಡರಗಿಯಲ್ಲಿಯೇ ಇತ್ತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಮುಕ್ತವಾಯಿತು. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಎಲ್ಲವೂ ಒಂದಾದದ್ದು 1956ರ ನವೆಂಬರ್ 1ರಂದು. ಆಮೇಲೆ 1997ರಲ್ಲಿ ಗದಗ ಜಿಲ್ಲೆಯಾಯಿತು. 2021ರಲ್ಲಿ ಆಚೆ ದಂಡೆ ವಿಜಯನಗರ ಜಿಲ್ಲೆಯಾಯಿತು. ಮನೆ ಬಿಟ್ಟು ಕದಲದ ಅಜ್ಜಿಯೊಬ್ಬಳು ಇಷ್ಟು ಹೆಸರುಗಳ ಕೆಳಗೆ ಬಾಳಿದ್ದಾಳೆ. ಪಠ್ಯಪುಸ್ತಕದಲ್ಲಿ ನೀವು ಬಾಯಿಪಾಠ ಮಾಡುವ ಏಕೀಕರಣ ನಿಮ್ಮ ಪಡಸಾಲೆಯಲ್ಲಿಯೇ ನಡೆದಿದೆ. 'ಆ ಕಡಿಯಿಂದ ಬರುವಾಗ ಏನೇನು ಬ್ಯಾರೆ ಇತ್ತು?' ಎಂದು ಕೇಳಿದವರು ಮಾತ್ರ ಇಲ್ಲ.

ಕೇಳಲು ಅವಸರ ಏಕೆಂಬುದಕ್ಕೂ ಇಲ್ಲಿಯೇ ಉದಾಹರಣೆಯಿದೆ. ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯ ಬಳಿ ಬ್ಯಾರೇಜು ಕಟ್ಟಿದಾಗ ಹಿನ್ನೀರಿನ ಕಾರಣ ನದಿ ದಂಡೆಯ ಕೆಲವು ಊರುಗಳು ಜಾಗ ಬಿಡಬೇಕಾಯಿತು. ಹೊಲಗಳಿಗೆ ನೀರು ಬೇಕು, ನಿಜ. ಆದರೆ ಊರು ಎದ್ದಾಗ ಮನೆ, ಕಟ್ಟೆ, ಬೇವಿನ ಗಿಡ ಹಿಂದೆ ಉಳಿಯುತ್ತವೆ. 'ಇಲ್ಲೇ ನಿಮ್ಮಪ್ಪ ಬಿದ್ದಿದ್ದ' ಎಂದು ತೋರಿಸಲು 'ಇಲ್ಲಿ' ಎಂಬುದೇ ಇರುವುದಿಲ್ಲ. ಕೆಲಸಕ್ಕಾಗಿ ಗೋವಾ, ಮಂಗಳೂರು, ಬೆಂಗಳೂರು ಸೇರಿದ ಮನೆಗಳದೂ ಇದೇ ಕಥೆ. ಜಾಗ ಹೋದ ಮೇಲೆ ನೆನಪು ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ಹೋದರೆ ಅದೂ ಹೋಯಿತು.

ಅಜ್ಜ ಹೇಳಿದ್ದೆಲ್ಲ ನಿಜವೇ?

ವಿಜ್ಞಾನದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆ ಇದು. ಕೇಂಬ್ರಿಜ್ಜಿನ ಮನೋವಿಜ್ಞಾನಿ ಫ್ರೆಡೆರಿಕ್ ಬಾರ್ಟ್ಲೆಟ್ ನೆನಪಿನ ಬಗ್ಗೆ 1932ರಲ್ಲಿ ಪ್ರಸಿದ್ಧ ಪುಸ್ತಕವೊಂದನ್ನು ಪ್ರಕಟಿಸಿದರು. ಅಮೆರಿಕದ ಮೂಲನಿವಾಸಿಗಳ ಜನಪದ ಕಥೆಯೊಂದನ್ನು ಅವರು ಇಂಗ್ಲೆಂಡಿನ ಜನರಿಗೆ ಓದಲು ಕೊಟ್ಟು, ಸ್ವಲ್ಪ ಸ್ವಲ್ಪ ಕಾಲ ಬಿಟ್ಟು ಮತ್ತೆ ಮತ್ತೆ ಬರೆಸಿದರು. ಪ್ರತಿ ಸಲವೂ ಕಥೆ ಬದಲಾಯಿತು. ಅರ್ಥವಾಗದ ಭಾಗಗಳು ಉದುರಿದವು; ಪರಿಚಯವಿಲ್ಲದ ವಸ್ತುಗಳ ಜಾಗದಲ್ಲಿ ಪರಿಚಯದ ವಸ್ತುಗಳು ಬಂದು ಕುಳಿತವು. ಬರೆದವರು ಸುಳ್ಳುಗಾರರಾಗಿರಲಿಲ್ಲ. ನೆನಪು ಎಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ನೆನೆದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟುತ್ತೇವೆ.

ಹಾಗಾದರೆ ಮಾಡುವುದೇನು? ಒಂದೇ ಘಟನೆಯನ್ನು ಇಬ್ಬರಿಂದ, ಬೇರೆ ಬೇರೆಯಾಗಿ ಕೇಳಿ. ಅಜ್ಜ 'ಬಿಳಿ ಎತ್ತು' ಎಂದು, ಅಜ್ಜಿ 'ಕಂದು ಎತ್ತು' ಎಂದು ಹೇಳಿದರೆ ಎರಡನ್ನೂ ಬರೆಯಿರಿ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಬರೆಯಿರಿ. ಪಹಣಿ, ಹಳೆಯ ಪಡಿತರ ಚೀಟಿ, ಲಗ್ನಪತ್ರಿಕೆ, ಶಾಲೆಯ ದಾಖಲೆ, ಪಾತ್ರೆಯ ಮೇಲೆ ಕೊರೆಸಿದ ಹೆಸರು ಮತ್ತು ತಾರೀಖು, ಇವುಗಳ ಜೊತೆ ತಾಳೆ ನೋಡಿ. ಇಬ್ಬರ ಮಾತಿನಲ್ಲಿಯೂ ಎತ್ತು ಮಾರಿದ್ದು ಇದ್ದರೆ ಎತ್ತು ಮಾರಿದ್ದು ನಿಜ; ಬಣ್ಣದ ವಿಚಾರ ಹಾಗೇ ಇರಲಿ. ಮೊಮ್ಮಗ ನ್ಯಾಯಾಧೀಶನಾಗಬೇಕಾಗಿಲ್ಲ. 'ನೀ ಸುಳ್ಳ ಹೇಳ್ತಿ' ಎಂದರೆ ಅಜ್ಜನ ಬಾಯಿ ಅಂದೇ ಮುಚ್ಚುತ್ತದೆ.

ತವರಿನ ದಾರಿಯನ್ನೂ ಮರೆಯಬೇಡಿ. ನಮ್ಮ ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯ ಎಂಬ ಕಣಾಂಗದೊಳಗೆ ಅದರದೇ ಆದ ಡಿಎನ್‌ಎ ಇದೆ. ಅದು ನಮಗೆ ಬರುವುದು ತಾಯಿಯಿಂದ. ತಾಯಿಗೆ ಆಕೆಯ ತಾಯಿಯಿಂದ. ಅಡ್ಡಹೆಸರಿನಲ್ಲಿ, ವಂಶಾವಳಿಯಲ್ಲಿ ಕಾಣದ ಹೆಣ್ಣುಮಕ್ಕಳ ಸಾಲನ್ನು ಮೈಯ ಒಂದೊಂದು ಕೋಶವೂ ನೆನಪಿಟ್ಟುಕೊಂಡಿದೆ. ನೀವು ಅವರ ಹೆಸರಾದರೂ ಬರೆದಿಡಿ. ಅವ್ವ, ಅವ್ವನ ಅವ್ವ, ಆಕೆಯ ಅವ್ವ, ಅವರವರ ತವರೂರು. ಇಷ್ಟು ಬರೆದರೆ ಯಾವ ಪುಸ್ತಕದಲ್ಲಿಯೂ ಇಲ್ಲದ ಒಂದು ಪುಟ ನಿಮ್ಮ ಕೈಯಲ್ಲಿರುತ್ತದೆ.

'ನಮ್ಮದೇನ್ ಚರಿತ್ರೆ ಐತ್ರಿ?'

ಈ ಕೆಲಸ ಹೇಳಿದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, 'ಸರ್, ನಮ್ಮದೇನ್ ಚರಿತ್ರೆ ಐತ್ರಿ? ನಮ್ಮಜ್ಜ ಕೂಲಿ, ನಮ್ಮಪ್ಪನೂ ಕೂಲಿ' ಎಂದಿದ್ದ. ತರಗತಿ ನಕ್ಕಿತು, ಅವನು ನಗಲಿಲ್ಲ. 'ಆದರೂ ನಿಮ್ಮ ಅಮ್ಮನ್ನ ಒಂದ್ಸಲ ಕೇಳು' ಎಂದು ಹೇಳಿ ಕಳಿಸಿದೆ. ಮುಂದಿನ ವಾರ ಅವನು ಒಂದೂವರೆ ಪುಟ ಬರೆದು ತಂದ. 1972ರ ಬರಗಾಲದಲ್ಲಿ ಅವನ ಅಜ್ಜಿ ಕೈಗೂಸನ್ನು ಗಿಡದ ನೆರಳಿಗೆ ಮಲಗಿಸಿ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದಿದ್ದಳು. ಆ ಕೂಸೇ ಅವನ ಅಪ್ಪ. ಕೊನೆಯ ಸಾಲು ಹೀಗಿತ್ತು: 'ನಾನು ದಿನಾ ಸಾಲಿಗೆ ಬರುವ ರಸ್ತೆಯ ಕಲ್ಲು ನಮ್ಮ ಅಮ್ಮ ಒಡೆದದ್ದು.' ಅದನ್ನು ತರಗತಿಯಲ್ಲಿ ಓದಿಸಿದೆ. ಈ ಸಲ ಯಾರೂ ನಗಲಿಲ್ಲ.

ಚರಿತ್ರೆ ಎಂದರೆ ಕೋಟೆ, ಕತ್ತಿ, ಜಹಗೀರು ಎಂದು ಮಕ್ಕಳಿಗೆ ಅನ್ನಿಸುವಂತೆ ನಾವೇ ಮಾಡಿದ್ದೇವೆ. ಮನೆತನದ ಕಥೆ ಹುಡುಕುವುದು ದೊಡ್ಡಸ್ತಿಕೆ ಹುಡುಕುವುದಲ್ಲ. 'ನಾವು ಇಂಥ ಅರಸನ ವಂಶದವರು, ಉಳಿದವರು ನಮಗಿಂತ ಕೆಳಗೆ' ಎಂದು ಹೇಳಿಕೊಳ್ಳಲು ಬಳಸುವುದಾದರೆ ಈ ನೋಟುಬುಕ್ಕು ತೆರೆಯದಿರುವುದೇ ಒಳ್ಳೆಯದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಲೆಕ್ಕದ ಪ್ರಕಾರ ಪ್ರತಿಯೊಬ್ಬರಿಗೂ 1024 ಪೂರ್ವಜರ ಸ್ಥಾನಗಳಿವೆ. ಅವರಲ್ಲಿ ಒಬ್ಬನೇ ಶೂರನನ್ನು ಆರಿಸಿ ಉಳಿದ 1023 ಜನರನ್ನು ಮರೆಯುವುದು ಯಾವ ನ್ಯಾಯ?

ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ ಎಂಬ ಮನೋವಿಜ್ಞಾನಿಗಳು 2001ರ ಸುಮಾರಿಗೆ ಮಕ್ಕಳಿಗೆ ಅವರವರ ಕುಟುಂಬದ ಬಗ್ಗೆ 20 ಪ್ರಶ್ನೆ ಕೇಳಿದರು. ಅಜ್ಜ-ಅಜ್ಜಿ ಬೆಳೆದದ್ದು ಎಲ್ಲಿ, ತಂದೆ-ತಾಯಿ ಮೊದಲು ಭೇಟಿಯಾದದ್ದು ಹೇಗೆ, ಇಂಥವು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಹೆಚ್ಚು ಕಂಡುಬಂತು. ಇದನ್ನು ಓದಿ ಪಾಲಕರು ಮಕ್ಕಳಿಗೆ ಪೂರ್ವಜರ ಹೆಸರು ಬಾಯಿಪಾಠ ಮಾಡಿಸಲು ಕೂಡ್ರಬಾರದು. ಎರಡು ಸಂಗತಿ ಜೊತೆಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಕಥೆ ಹೇಳುವಷ್ಟು ಪುರುಸೊತ್ತು, ಒಟ್ಟಿಗೆ ಉಣ್ಣುವ ರೂಢಿ, ಕೇಳಿದ ಮಗುವಿಗೆ ಉತ್ತರ ಕೊಡುವ ತಾಳ್ಮೆ ಇರುವ ಮನೆಯ ಮಗುವಿಗೆ ಧೈರ್ಯ ತಾನಾಗಿ ಬರುತ್ತದೆ. ಕಥೆ ಆ ಮನೆಯ ಗುರುತು.

ಪಾಲಕರಿಗೆ ಎರಡು ಮಾತು. ಕಷ್ಟದ ಕಥೆಗಳನ್ನು ಮಕ್ಕಳಿಂದ ಪೂರ್ತಿ ಮುಚ್ಚಿಡಬೇಡಿ. ಸಾಲ ಮಾಡಿದ್ದು, ಹೊಲ ಮಾರಿದ್ದು, ನಪಾಸಾಗಿ ಮತ್ತೆ ಕಟ್ಟಿ ಪಾಸಾದದ್ದು, ಊರ ಬಾವಿಯಲ್ಲಿ ನೀರು ಸೇದಗೊಡದೆ ಇದ್ದದ್ದು, ಇವನ್ನೂ ವಯಸ್ಸಿಗೆ ತಕ್ಕ ಹಾಗೆ ಹೇಳಿ. ಎದ್ದವರ ಕಥೆ ಮಾತ್ರ ಕೇಳಿ ಬೆಳೆದ ಹುಡುಗ ತಾನು ಬಿದ್ದಾಗ ಹೆದರುತ್ತಾನೆ. ಎರಡನೆಯದು, ಹಿರಿಯರು ಒಂದು ಪ್ರಶ್ನೆಗೆ ಸುಮ್ಮನಾದರೆ ಮಕ್ಕಳು ಒತ್ತಾಯ ಮಾಡದಂತೆ ತಿಳಿಹೇಳಿ. ಕೆಲವು ಗಾಯಗಳು ಮಾಯಲು ಒಂದು ಜನ್ಮ ಸಾಲುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಈ ವಾರದ ಕೆಲಸ ಇಷ್ಟು. ನೋಟುಬುಕ್ಕಿನ ಮೊದಲ ಪುಟದಲ್ಲಿ ಎಂಟು ಮುತ್ತಜ್ಜ-ಮುತ್ತಜ್ಜಿಯರಿಗೆ ಎಂಟು ಚೌಕ ಹಾಕಿ. ಗೊತ್ತಿರುವ ಹೆಸರು ತುಂಬಿ, ಗೊತ್ತಿಲ್ಲದ್ದನ್ನು ಖಾಲಿ ಬಿಡಿ. ಮನೆಯ ಹಿರಿಯರಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. ಅವರು ಶೇಂಗಾ ಸುಲಿಯುವಾಗಲೋ, ರೊಟ್ಟಿ ಬಡಿಯುವಾಗಲೋ, ಸಂಜೆ ಕಟ್ಟೆಯ ಮೇಲೆ ಕುಳಿತಾಗಲೋ ಒಂದೇ ಒಂದು ಪ್ರಶ್ನೆ ಕೇಳಿ. ಕೈ ಕೆಲಸದಲ್ಲಿದ್ದಾಗ ನಾಲಿಗೆ ಸಲೀಸು. ಮೊಬೈಲಿನಲ್ಲಿ ಧ್ವನಿ ಹಿಡಿಯುವುದಾದರೆ ಮೊದಲು ಅವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಲು ಹೋಗದೆ, ಅವರು ಆಡಿದ ಹಾಗೆಯೇ ಬರೆಯಿರಿ. ಕೆಳಗೆ ತಾರೀಖು ಹಾಕಿ, ನೀವು ಬರೆದದ್ದನ್ನು ಅವರಿಗೇ ಓದಿ ತೋರಿಸಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ತಿದ್ದುವಾಗ ಇನ್ನೊಂದು ಕಥೆ ಹೇಳುತ್ತಾರೆ. ಎರಡನೆಯ ಪುಟ ಅಲ್ಲಿಂದ ಶುರು.